ಮಂಜೂಷದ ಪಯಣ: ಒಂದು ಸಾಹಸಚಿತ್ರದ ಕಥಾಸಂವಿಧಾನ

ಅಮೆರಿಕದಲ್ಲಿ 1981ರ ಜೂನ್ 12ರಂದು ತೆರೆಕಂಡ ‘ರೇಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಆ ವರ್ಷ ಅತ್ಯಧಿಕ ಹಣ ಗಳಿಸಿದ ಚಲಚ್ಚಿತ್ರವೆನಿಸಿತು. ಜಾರ್ಜ್ ಲ್ಯೂಕಾಸ್ ಮತ್ತು ಫಿಲಿಪ್ ಕಾಫ್‌ಮನ್ ಹೆಣೆದ ಕಥೆ, ಲಾರೆನ್ಸ್ ಕ್ಯಾಸ್ಡನ್ ಬರೆದ ಚಿತ್ರಕಥೆ, ಸ್ಟೀವನ್ ಸ್ಪೀಲ್‌ಬರ್ಗ್ ಅವರ ನಿರ್ದೇಶನ. ಮುಖ್ಯ ಪಾತ್ರದಲ್ಲಿ ಹ್ಯಾರಿಸನ್ ಫೋರ್ಡ್. ಇಂಥ ಸಾಹಸಪ್ರಧಾನ ಚಿತ್ರಗಳನ್ನು ನೋಡಿ ಮರೆಯುವುದೇ ವಾಡಿಕೆ. ಕುಳಿತು ಅವುಗಳ ಕಥಾಸಂವಿಧಾನವನ್ನು ವಿಚಾರಿಸುವವರು ಕಡಿಮೆ. ಆದರೆ ಹಿರಿಯರು ಮರೆತುದನ್ನು ಮಕ್ಕಳು ಮರೆಯುವುದಿಲ್ಲ. ಕಥೆಯ ನಡೆ ಎಂಥದು, ಯಾರ ಯತ್ನಕ್ಕೆ ಯಾವ ಫಲ ದೊರೆಯಿತು ಎಂಬ ಲೆಕ್ಕ ಅವರ ಮನಸ್ಸಿನಲ್ಲಿ ಸದ್ದಿಲ್ಲದೆ ಉಳಿದುಬಿಡುತ್ತದೆ. ಆದ್ದರಿಂದ ಈ ಚಿತ್ರದ ಮೇಲೆ ಬಂದಿರುವ ಒಂದು ವಿಚಿತ್ರವಾದ ಆಕ್ಷೇಪವನ್ನು ಗಂಭೀರವಾಗಿ ಪರಿಶೀಲಿಸುವುದು ವ್ಯರ್ಥವಾಗಲಾರದು.

ಆಕ್ಷೇಪ ಇಷ್ಟೆ: ಈ ಚಿತ್ರದಲ್ಲಿ ನಾಯಕನಿಂದ ಏನೂ ಆಗುವುದಿಲ್ಲ. ಅವನು ಕಥೆಯೊಳಗೆ ಇಲ್ಲದಿದ್ದರೂ ಅಂತ್ಯ ಅದೇ ಆಗಿರುತ್ತಿತ್ತು. ರಸಿಕರ ನಡುವೆ ಓಡಾಡುತ್ತಿದ್ದ ಈ ಮಾತು 2013ರ ಅಕ್ಟೋಬರಿನಲ್ಲಿ ‘ದಿ ಬಿಗ್ ಬ್ಯಾಂಗ್ ಥಿಯರಿ’ ಎಂಬ ಅಮೆರಿಕದ ಹಾಸ್ಯಧಾರಾವಾಹಿಯ ಒಂದು ಕಂತಿನಲ್ಲಿ ಬಂದು ಲೋಕಪ್ರಸಿದ್ಧವಾಯಿತು. ಅಲ್ಲಿ ಒಬ್ಬ ತರುಣಿ ಈ ಚಿತ್ರವನ್ನು ಮೊದಲ ಬಾರಿಗೆ ನೋಡಿ, ನಾಯಕನಿಗೆ ಕಥೆಯ ಫಲಿತಾಂಶದಲ್ಲಿ ಯಾವ ಪಾತ್ರವೂ ಇಲ್ಲವಲ್ಲ ಎನ್ನುತ್ತಾಳೆ. ಚಿತ್ರವನ್ನು ಬಾಲ್ಯದಿಂದ ಆರಾಧಿಸುತ್ತ ಬಂದ ಅವಳ ಸ್ನೇಹಿತನಿಗೆ ಉತ್ತರ ಹೊಳೆಯುವುದಿಲ್ಲ; ಅವನ ಪಾಲಿಗೆ ಚಿತ್ರವೇ ಕೆಟ್ಟುಹೋಗುತ್ತದೆ. ನಗೆಗಾಗಿ ಬಂದ ಮಾತಾದರೂ ಅದರ ಹಿಂದೆ ಒಂದು ಗಟ್ಟಿಯಾದ ನಂಬಿಕೆ ಅಡಗಿದೆ. ಗುರಿ ಮುಟ್ಟಿಸದ ಪ್ರಯತ್ನಕ್ಕೆ ಅರ್ಥವಿಲ್ಲ, ಗುರಿ ಮುಟ್ಟದವನ ಕಥೆ ಕಥೆಯಲ್ಲ ಎಂಬುದೇ ಆ ನಂಬಿಕೆ.

ಕಥೆ 1936ರಲ್ಲಿ ನಡೆಯುವಂಥದು. ಪುರಾತತ್ತ್ವದ ಪ್ರಾಧ್ಯಾಪಕ ಇಂಡಿಯಾನಾ ಜೋನ್ಸ್‌ನ ಬಳಿಗೆ ಅಮೆರಿಕದ ಸೇನೆಯ ಗುಪ್ತಚರ ವಿಭಾಗದ ಅಧಿಕಾರಿಗಳಿಬ್ಬರು ಬರುತ್ತಾರೆ. ಯಹೂದ್ಯರ ಪ್ರಾಚೀನ ‘ಒಡಂಬಡಿಕೆಯ ಮಂಜೂಷ’, ಎಂದರೆ ದಶಾಜ್ಞೆಗಳ ಕಲ್ಲಿನ ಹಲಗೆಗಳನ್ನಿರಿಸಿದ ಪವಿತ್ರ ಪೆಟ್ಟಿಗೆ, ಈಜಿಪ್ಟಿನ ಟಾನಿಸ್‌ನಲ್ಲಿ ಹುದುಗಿದೆಯೆಂದು ಜರ್ಮನಿಯ ನಾಜಿಗಳು ಅಗೆಯುತ್ತಿದ್ದಾರೆ. ಅದನ್ನು ಹೊತ್ತ ಸೈನ್ಯಕ್ಕೆ ಸೋಲಿಲ್ಲವೆಂಬ ಪ್ರತೀತಿಯುಂಟು. ಅವರಿಗಿಂತ ಮೊದಲೇ ಅದನ್ನು ಪಡೆಯಬೇಕು. ಅದರ ನೆಲೆಯನ್ನು ತೋರಿಸುವ ದಂಡದ ತಲೆಬಿಲ್ಲೆ ನೇಪಾಳದಲ್ಲಿ ಹೆಂಡದಂಗಡಿ ನಡೆಸುತ್ತಿರುವ ಮೇರಿಯನ್ ಎಂಬವಳ ಬಳಿ ಇದೆ. ನಾಯಕ ಅಲ್ಲಿಗೆ ಹೋಗುತ್ತಾನೆ, ಬಿಲ್ಲೆಯನ್ನೂ ಅವಳನ್ನೂ ಕರೆತರುತ್ತಾನೆ, ಟಾನಿಸ್‌ನಲ್ಲಿ ಮಂಜೂಷವನ್ನು ಮೇಲೆತ್ತುತ್ತಾನೆ. ಮರುಕ್ಷಣವೇ ನಾಜಿಗಳೊಡನೆ ಸೇರಿದ ಫ್ರೆಂಚ್ ವಿದ್ವಾಂಸ ಬೆಲ್ಲೋಕ್ ಅದನ್ನು ಕಸಿದುಕೊಳ್ಳುತ್ತಾನೆ. ಅಲ್ಲಿಂದ ಬೆನ್ನಟ್ಟುವಿಕೆ. ಕೊನೆಗೆ ಒಂದು ದ್ವೀಪದಲ್ಲಿ ನಾಯಕನೂ ಮೇರಿಯನ್‌ಳೂ ಕಂಬಕ್ಕೆ ಕಟ್ಟಲ್ಪಟ್ಟಿರುವಾಗ ಬೆಲ್ಲೋಕ್ ಮಂಜೂಷವನ್ನು ತೆರೆಸುತ್ತಾನೆ. ಅದರಿಂದೆದ್ದ ದಿವ್ಯಾಗ್ನಿ ನೋಡುತ್ತಿದ್ದವರೆಲ್ಲರನ್ನೂ ಸುಟ್ಟುಹಾಕುತ್ತದೆ. ಕಣ್ಣು ಮುಚ್ಚಿಕೊಂಡಿದ್ದ ಇಬ್ಬರು ಮಾತ್ರ ಉಳಿಯುತ್ತಾರೆ.

ನಾಯಕ ಕೈ ಕಟ್ಟಿಸಿಕೊಂಡು ನಿಂತಿರುವಾಗಲೇ ಶತ್ರುಗಳು ನಾಶವಾಗುತ್ತಾರೆಂಬುದು ನಿಜ. ಆದರೆ ಅವನ ಕೃತ್ಯಗಳಿಂದ ಏನೂ ಬದಲಾಗಲಿಲ್ಲವೆಂಬ ಮಾತು ಪರೀಕ್ಷೆಗೆ ನಿಲ್ಲುವುದಿಲ್ಲ. ನೇಪಾಳದ ಅಂಗಡಿಯಲ್ಲಿ ಹೊಡೆದಾಟ ನಡೆದು ಬೆಂಕಿ ಹೊತ್ತಿಕೊಂಡಾಗ ನಾಜಿಗಳ ಆಳು ಟೋಟ್ ಕಾದ ಬಿಲ್ಲೆಯನ್ನು ಕೈಯಲ್ಲಿ ಹಿಡಿಯುತ್ತಾನೆ. ಅವನ ಅಂಗೈಯಲ್ಲಿ ಒಂದು ಮುಖದ ಬರಹ ಮಾತ್ರ ಅಚ್ಚೊತ್ತುತ್ತದೆ. ದಂಡದ ಉದ್ದದಲ್ಲಿ ಒಂದು ‘ಕದಮ್’ ಕಡಿಮೆ ಮಾಡಬೇಕೆಂಬ ಸೂಚನೆ ಇನ್ನೊಂದು ಮುಖದಲ್ಲಿತ್ತು. ಆದ್ದರಿಂದ ನಾಜಿಗಳ ದಂಡ ಉದ್ದವಾಯಿತು, ಅವರು ತಪ್ಪು ಜಾಗದಲ್ಲಿ ಅಗೆದರು. ನಾಯಕ ನೇಪಾಳಕ್ಕೆ ಹೋಗದಿದ್ದರೆ ಬಿಲ್ಲೆಯ ಎರಡು ಮುಖಗಳೂ ಅವರಿಗೇ ಸಿಗುವ ಸಂಭವವಿತ್ತು. ಮುಂದೆ, ಮಂಜೂಷವನ್ನು ಸಾಗಿಸಲು ಸಜ್ಜಾಗಿದ್ದ ವಿಮಾನ ನಾಯಕನ ದೆಸೆಯಿಂದ ಸುಟ್ಟುಹೋಗುತ್ತದೆ. ಅದು ಹಾರಿದ್ದರೆ ಮಂಜೂಷ ಬಹುಶಃ ನೇರವಾಗಿ ಬರ್ಲಿನ್ನಿಗೆ ಹೋಗಿಬಿಡುತ್ತಿತ್ತು. ವಿಮಾನದಿಂದ ಲಾರಿಗೆ, ಲಾರಿಯಿಂದ ಹಡಗಿಗೆ, ಹಡಗಿನಿಂದ ಜಲಾಂತರ್ಗಾಮಿಗೆ, ಅಲ್ಲಿಂದ ದ್ವೀಪಕ್ಕೆ ಅದು ಸಾಗಿದ ದಾರಿಯನ್ನು ತಿರುತಿರುಗಿಸಿದವನು ನಾಯಕನೇ.

ಹೀಗೆ ನೋಡಿದರೆ ಅವನ ಪ್ರತಿಯೊಂದು ಕೃತ್ಯಕ್ಕೂ ಫಲವುಂಟು. ಅವನು ಬಯಸಿದ ಫಲವಲ್ಲ, ಅಷ್ಟೆ. ಬಿಲ್ಲೆಯನ್ನು ಕಾಪಾಡಹೊರಟವನು ಶತ್ರುವಿನ ಅಂಗೈಗೆ ಅದರ ಅಚ್ಚನ್ನು ಕೊಟ್ಟ. ಶತ್ರುವಿಗೆ ಎಟುಕದ ಮಂಜೂಷವನ್ನು ತಾನೇ ಹುಡುಕಿ ಮೇಲೆತ್ತಿ ಅವರ ಕೈಗಿತ್ತ. ಉಪಾದಾನ ಮತ್ತು ನಿಮಿತ್ತಗಳ ಭೇದವನ್ನು ಶಾಸ್ತ್ರದಲ್ಲಿ ಓದಿದವರಿಗೆ ಇಲ್ಲಿ ಆ ಚರ್ಚೆ ನೆನಪಾದರೆ ಆಶ್ಚರ್ಯವಿಲ್ಲ. ತಾನು ಕರ್ತೃವೆಂದು ತಿಳಿದು ಓಡುತ್ತಿರುವವನು ಉದ್ದಕ್ಕೂ ನಿಮಿತ್ತವಾಗಿಯೇ ಉಳಿಯುವುದು ಈ ಕಥೆಯ ಬಂಧದೊಳಗಿನ ವ್ಯಂಗ್ಯ. ಚಿತ್ರವನ್ನು ಮಾಡಿದವರು ಇದನ್ನೆಲ್ಲ ಯೋಚಿಸಿದ್ದರೋ ಇಲ್ಲವೋ, ಸಂವಿಧಾನವಂತೂ ಹಾಗೆ ನಿಂತಿದೆ.

ಇದನ್ನು ಚಿತ್ರದ ಮೊದಲ ಹನ್ನೆರಡು ಹದಿಮೂರು ನಿಮಿಷಗಳೇ ಹೇಳಿಬಿಡುತ್ತವೆ. ಪೆರುವಿನ ಕಾಡಿನೊಳಗಿನ ಒಂದು ಪಾಳು ದೇಗುಲ. ಪೀಠದ ಮೇಲೆ ಒಂದು ಚಿನ್ನದ ವಿಗ್ರಹ. ಅದರ ಭಾರ ತಪ್ಪಿದರೆ ದೇಗುಲದ ಯಂತ್ರಗಳು ಎಚ್ಚರಗೊಳ್ಳುವವು. ನಾಯಕ ಒಂದು ಚೀಲದಲ್ಲಿ ಮರಳು ತಂದಿದ್ದಾನೆ. ವಿಗ್ರಹವನ್ನು ಕಣ್ಣಿನಲ್ಲೇ ತೂಗಿ, ಚೀಲದಿಂದ ಒಂದಿಷ್ಟು ಮರಳನ್ನು ಚೆಲ್ಲಿ, ವಿಗ್ರಹವನ್ನೆತ್ತಿ ಆ ಜಾಗದಲ್ಲಿ ಚೀಲವನ್ನಿಡುತ್ತಾನೆ. ಕ್ಷಣಕಾಲ ಗೆದ್ದಂತೆ ಕಾಣುತ್ತದೆ. ಆಮೇಲೆ ಪೀಠ ಕುಸಿಯುತ್ತದೆ, ಬಾಣಗಳು ಹಾರುತ್ತವೆ, ದೊಡ್ಡದೊಂದು ಬಂಡೆ ಉರುಳುತ್ತ ಬೆನ್ನಟ್ಟುತ್ತದೆ. ಪ್ರಾಣ ಕೈಯಲ್ಲಿ ಹಿಡಿದು ಹೊರಗೆ ಬಂದರೆ ಬಾಗಿಲಲ್ಲೇ ಬೆಲ್ಲೋಕ್ ನಿಂತು ವಿಗ್ರಹವನ್ನು ಇಸಿದುಕೊಳ್ಳುತ್ತಾನೆ. ಮುಂದೆ ನೂರು ನಿಮಿಷ ನಡೆಯುವುದು ಇದರ ವಿಸ್ತಾರ. ಪಡೆಯುವುದು, ಕಳೆದುಕೊಳ್ಳುವುದು, ಮತ್ತೆ ಪಡೆಯುವುದು, ಮತ್ತೆ ಕಳೆದುಕೊಳ್ಳುವುದು. ಮಂಜೂಷ ಯಾರ ಕೈಯಲ್ಲೂ ಒಂದು ಪ್ರಸಂಗಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಮರಳಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಕೈರೋ ನಗರದ ಪ್ರಸಂಗದಲ್ಲಿ ಬೆಲ್ಲೋಕ್ ತನ್ನ ಅಗ್ಗದ ಗಡಿಯಾರವನ್ನು ತೋರಿಸಿ, ಇದನ್ನು ಸಾವಿರ ವರ್ಷ ಮರಳಲ್ಲಿ ಹೂತಿಟ್ಟರೆ ಬೆಲೆಕಟ್ಟಲಾಗದ ವಸ್ತುವಾಗುವುದೆಂದು ನಾಯಕನಿಗೆ ಹೇಳುತ್ತಾನೆ. ಕೊನೆಗೆ ಮಂಜೂಷದ ಮುಚ್ಚಳ ತೆರೆದಾಗ ಅದರೊಳಗೆ ಕಾಣುವುದೂ ಮರಳೇ. ಹಲಗೆಗಳು ಪುಡಿಯಾಗಿ ಹೋಗಿವೆ. ಬೆಲ್ಲೋಕ್ ಹಿಡಿಯಲ್ಲಿ ಎತ್ತಿಕೊಂಡ ಮರಳು ಬೆರಳ ಸಂದಿಯಿಂದ ಜಾರುತ್ತದೆ. ಮೊದಲ ದೇಗುಲದಲ್ಲಿ ಚಿನ್ನಕ್ಕೆ ಸಮವೆಂದು ತೂಗಿದ ಪದಾರ್ಥ, ಕಡೆಗೆ ಚಿನ್ನದ ಪೆಟ್ಟಿಗೆಯೊಳಗಿನ ಸರ್ವಸ್ವವಾಗಿ ಹೊರಬರುತ್ತದೆ. ಯಾವ ಪಾತ್ರವೂ ಇದರ ಬಗ್ಗೆ ಮಾತನಾಡುವುದಿಲ್ಲ, ಸಂಗೀತವೂ ಎತ್ತಿ ತೋರುವುದಿಲ್ಲ. ಚಿತ್ರಕಥೆಯ ನಿಜವಾದ ಹೆಣಿಗೆ ಇಂಥಲ್ಲಿದೆ.

ಆದರೆ ಈ ಎರಡು ಕೊನೆಗಳ ನಡುವಿನ ಭಾಗವನ್ನು ಹೀಗೆ ಮೆಚ್ಚಿಕೊಳ್ಳಲಾಗದು. 1930 ಮತ್ತು 40ರ ದಶಕಗಳಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ವಾರಕ್ಕೊಂದು ಕಂತಿನಂತೆ ಧಾರಾವಾಹಿ ಚಿತ್ರಗಳು ಬರುತ್ತಿದ್ದವು. ಪ್ರತಿ ಕಂತೂ ನಾಯಕ ಸಾವಿನ ಬಾಯಿಯಲ್ಲಿರುವಾಗ ನಿಲ್ಲುತ್ತಿತ್ತು. ಲ್ಯೂಕಾಸ್ ಮತ್ತು ಸ್ಪೀಲ್‌ಬರ್ಗ್ ಆ ಬಗೆಯನ್ನೇ ಪುನರುಜ್ಜೀವನಗೊಳಿಸಿದರು. ಅಂಥ ಬಂಧದಲ್ಲಿ ಒಂದು ಅಪಾಯದಿಂದ ಇನ್ನೊಂದು ಅಪಾಯಕ್ಕೆ ಹಾರುವುದೇ ಮುಖ್ಯ. ನಡುವೆ ಸತ್ತವರ ಲೆಕ್ಕ ಇಡುವವರಿಲ್ಲ. ಕೈರೋದ ಸಂತೆಯಲ್ಲಿ ಕತ್ತಿ ಝಳಪಿಸುತ್ತ ಎದುರಾದ ಒಬ್ಬನನ್ನು ನಾಯಕ ಬೇಸರದಿಂದೆಂಬಂತೆ ಗುಂಡಿಕ್ಕಿ ಕೆಡವುತ್ತಾನೆ, ಚಿತ್ರಮಂದಿರ ನಗುತ್ತದೆ. ಟುನೀಸಿಯದಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ಫೋರ್ಡ್ ಅವರಿಗೆ ಆಮಶಂಕೆಯಾಗಿದ್ದುದರಿಂದ ಉದ್ದವಾದ ಕಾಳಗವನ್ನು ಬಿಟ್ಟು ಹೀಗೆ ಮೊಟಕುಗೊಳಿಸಲಾಯಿತೆಂಬುದು ಪ್ರಸಿದ್ಧವಾದ ಸಂಗತಿ. ನಟನ ಅನಾರೋಗ್ಯದಿಂದ ಹುಟ್ಟಿದ ದೃಶ್ಯವೇ ಇಡೀ ಚಿತ್ರದ ಅತಿ ಜನಪ್ರಿಯ ವಿನೋದವಾಯಿತು. ಮನುಷ್ಯನೊಬ್ಬನ ಸಾವಿಗೆ ಮಕ್ಕಳು ನಗುವಂತಾದಾಗ ಪಕ್ಕದಲ್ಲಿ ಕುಳಿತ ಹಿರಿಯರು ಏನು ಹೇಳಬೇಕೆಂಬ ಪ್ರಶ್ನೆಗೆ ಈ ವಿವರ ಉತ್ತರವಾಗದು.

ಪ್ರಾಣಿಗಳ ಗತಿಯೂ ಅಷ್ಟೆ. ನಾಯಕನ ಬಾಯಿಗೆ ಹೋಗಬೇಕಾಗಿದ್ದ ವಿಷದ ಖರ್ಜೂರವನ್ನು ಒಂದು ಕೋತಿ ತಿಂದು ಸಾಯುತ್ತದೆ. ಅದು ಶತ್ರುಗಳ ಗೂಢಚಾರಿ ಕೋತಿಯೆಂದು ಚಿತ್ರ ಮೊದಲೇ ಹೇಳಿ ನೋಡುಗರ ಮನಸ್ಸನ್ನು ಹದಗೊಳಿಸಿರುತ್ತದೆ. ಕೋತಿಗೆ ಯಾವ ಪಕ್ಷ! ನೆಲಮಾಳಿಗೆಯ ಸಾವಿರಾರು ಹಾವುಗಳ ಪಾಲಿಗೆ ಎಣ್ಣೆ, ಬೆಂಕಿ. ಅವು ತಮ್ಮ ನೆಲೆಯಲ್ಲಿ ತಾವಿದ್ದವು, ಬಂದವನು ಮನುಷ್ಯ. ಕಥೆಯ ಬಂಧ ಇಲ್ಲಿ ನೀತಿಯ ಮೇಲೆ ನೇರವಾದ ಪರಿಣಾಮ ಬೀರುತ್ತದೆ. ಮುಂದಿನ ಅಪಾಯ ಕಾದಿರುವಾಗ ಹಿಂದಿನ ಸಾವನ್ನು ತಿರುಗಿ ನೋಡಲು ಸಮಯವಿಲ್ಲ, ಸಮಯವಿಲ್ಲದಂತೆ ದೃಶ್ಯಗಳನ್ನು ಕತ್ತರಿಸಿ ಜೋಡಿಸಲಾಗಿದೆ. ಮೈಕೆಲ್ ಕಾನ್ ಅವರ ಸಂಕಲನಕ್ಕೆ ಆಸ್ಕರ್ ಪ್ರಶಸ್ತಿ ಬಂದದ್ದು ನ್ಯಾಯವೇ. ಆ ಕೌಶಲವೇ ಇಲ್ಲಿ ಕರುಣೆಗೆ ಬಿಡುವು ಕೊಡದ ಉಪಕರಣವೂ ಆಗಿದೆ.

ಇಷ್ಟಾದರೂ ನಾಯಕನ ಒಳಗಿನ ಕಥೆಯೊಂದು ಈ ಗದ್ದಲದ ಅಡಿಯಲ್ಲಿ ಹರಿಯುತ್ತದೆ. ಅದನ್ನು ಹಿಡಿಯಬೇಕಾದರೆ ಮೂರು ಸ್ಥಳಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಮೊದಲನೆಯದು ಟಾನಿಸ್‌ನ ಗುಡಾರ. ಸತ್ತಳೆಂದು ತಿಳಿದು ದುಃಖಿಸಿದ್ದ ಮೇರಿಯನ್ ಅಲ್ಲಿ ಬಂಧನದಲ್ಲಿ ಸಿಗುತ್ತಾಳೆ. ನಾಯಕ ಕಟ್ಟುಗಳನ್ನು ಬಿಚ್ಚತೊಡಗಿ, ನಡುವೆ ನಿಲ್ಲಿಸಿ, ಅವಳ ಬಾಯಿಗೆ ಮತ್ತೆ ಬಟ್ಟೆ ಕಟ್ಟಿ ಹೊರಟುಹೋಗುತ್ತಾನೆ. ಅವಳನ್ನು ಬಿಡಿಸಿದರೆ ತಾನು ಬಂದಿರುವುದು ಶತ್ರುಗಳಿಗೆ ತಿಳಿದು ಮಂಜೂಷ ತಪ್ಪಿಹೋಗುತ್ತದೆ. ಮನುಷ್ಯಳಿಗಿಂತ ಪೆಟ್ಟಿಗೆ ಮುಂದಾಯಿತು. ಇದೇ ಮೇರಿಯನ್‌ಳ ಎಳೆಯ ಪ್ರಾಯದಲ್ಲಿ ಅವಳಿಗೆ ಅನ್ಯಾಯ ಮಾಡಿದವನು ಇವನೆಂಬುದನ್ನು ನೇಪಾಳದ ದೃಶ್ಯ ಹೇಳಿದೆ; ಆ ಸಾಲವನ್ನು ಚಿತ್ರ ಎಲ್ಲಿಯೂ ತೀರಿಸುವುದಿಲ್ಲ. ಅವಳ ಪಾಡಿಗಿದ್ದ ಅಂಗಡಿಗೆ ನಾಜಿಗಳ ಕಾಲಿಟ್ಟದ್ದೂ ಇವನು ಬಂದ ಬೆನ್ನಿಗೇ.

ಎರಡನೆಯದು ದ್ವೀಪದ ಕಣಿವೆ. ನಾಯಕ ಬಂಡೆಯ ಮೇಲೆ ರಾಕೆಟ್ ಹಾರಿಸುವ ಬಂದೂಕು ಹಿಡಿದು ನಿಂತು, ಮೇರಿಯನ್‌ಳನ್ನು ಬಿಡದಿದ್ದರೆ ಮಂಜೂಷವನ್ನು ಸಿಡಿಸಿಬಿಡುವುದಾಗಿ ಬೆದರಿಸುತ್ತಾನೆ. ಗುಡಾರದಲ್ಲಿ ಪೆಟ್ಟಿಗೆಗಾಗಿ ಅವಳನ್ನು ಬಿಟ್ಟವನು ಈಗ ಅವಳಿಗಾಗಿ ಪೆಟ್ಟಿಗೆಯನ್ನು ಬಿಡಲು ಸಿದ್ಧನಾಗಿದ್ದಾನೆಂದು ತೋರುತ್ತದೆ. ಬೆಲ್ಲೋಕ್ ಬೆದರುವುದಿಲ್ಲ. ಸಿಡಿಸು ಎನ್ನುತ್ತಾನೆ, ಅದರೊಳಗೇನಿದೆ ಎಂದು ನೋಡುವ ಆಸೆ ನನ್ನಷ್ಟೇ ನಿನಗೂ ಇದೆ ಎನ್ನುತ್ತಾನೆ. ನಾಯಕ ಬಂದೂಕನ್ನು ಇಳಿಸುತ್ತಾನೆ. ಹೊರಗಣ್ಣಿಗೆ ಇದು ಆಯುಧತ್ಯಾಗ. ಕೆಲವರು ಇದನ್ನು ಹಾಗೆಯೇ ಹೊಗಳಿಯಾರು. ಆದರೆ ಇಲ್ಲಿ ಆಯುಧವನ್ನು ಕೆಳಗಿಳಿಸಿದ್ದು ಅಹಿಂಸೆಯಲ್ಲ, ಮೋಹ. ವಸ್ತು ಉಳಿಯಬೇಕು, ತಾನು ಅದನ್ನು ನೋಡಬೇಕು ಎಂಬ ಹಂಬಲಕ್ಕೆ ಅವನು ಸೋತ. ನಾಯಕ ಮತ್ತು ಪ್ರತಿನಾಯಕರು ಒಬ್ಬರಿಗೊಬ್ಬರು ನೆರಳೆಂದು ಬೆಲ್ಲೋಕ್ ಕೈರೋದಲ್ಲಿ ಆಡಿದ್ದ ಮಾತು ಇಲ್ಲಿ ಸ್ಥಾಪಿತವಾಯಿತು. ಇಡೀ ಚಿತ್ರದಲ್ಲಿ ಮನುಷ್ಯಸ್ವಭಾವವನ್ನು ಇಷ್ಟು ನಿಷ್ಠುರವಾಗಿ ಕಂಡ ದೃಶ್ಯ ಇನ್ನೊಂದಿಲ್ಲ.

ಮೂರನೆಯದು ಅದೇ ರಾತ್ರಿ. ಮಂಜೂಷ ತೆರೆದಾಗ ಆ ಮನುಷ್ಯನೇ ಮೇರಿಯನ್‌ಗೆ ಕಣ್ಣು ಮುಚ್ಚು, ಏನಾದರೂ ನೋಡಬೇಡ ಎನ್ನುತ್ತಾನೆ, ತಾನೂ ಮುಚ್ಚಿಕೊಳ್ಳುತ್ತಾನೆ. ಜೀವಮಾನವೆಲ್ಲ ನೋಡಲೆಂದೇ ಬದುಕಿದವನು, ಕೆಲವೇ ಗಂಟೆಗಳ ಹಿಂದೆ ನೋಡುವ ಆಸೆಗಾಗಿ ಎಲ್ಲವನ್ನೂ ಬಿಟ್ಟುಕೊಟ್ಟವನು, ನೋಡುವ ಕ್ಷಣ ಬಂದಾಗ ನೋಡುವುದಿಲ್ಲ. ಆ ಎರಡು ಪ್ರಾಣಗಳು ಉಳಿದದ್ದು ಅವನ ಈ ಒಂದು ಕ್ರಿಯೆಯಿಂದ. ಅದನ್ನು ಕ್ರಿಯೆಯೆಂದು ಕರೆಯಬಹುದಾದರೆ. ಚಾವಟಿ, ಪಿಸ್ತೂಲು, ಓಟ, ಜಿಗಿತ ಯಾವುದಕ್ಕೂ ಆಗದ ಕೆಲಸ ರೆಪ್ಪೆ ಮುಚ್ಚಿದ್ದರಿಂದ ಆಯಿತು. ನಾಯಕನಿಂದ ಏನೂ ಆಗಲಿಲ್ಲವೆಂದು ನಗುವವರು ಈ ರೆಪ್ಪೆಯನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಚಿತ್ರಕಥೆಯ ನಿಜವಾದ ದೋಷ ಬೇರೆಡೆ ಇದೆ. ಎರಡನೆಯ ದೃಶ್ಯಕ್ಕೂ ಮೂರನೆಯದಕ್ಕೂ ನಡುವೆ ಈ ಮನುಷ್ಯನೊಳಗೆ ಏನು ನಡೆಯಿತು? ಅದನ್ನು ತೋರಿಸುವ ಒಂದು ನಿಮಿಷವೂ ಚಿತ್ರದಲ್ಲಿಲ್ಲ. ಆರಂಭದಲ್ಲಿ ಅವನು ಮಂಜೂಷದ ಮಹಿಮೆಯನ್ನೆಲ್ಲ ಮೂಢನಂಬಿಕೆಯೆಂದು ತಳ್ಳಿಹಾಕಿದ್ದಾನೆ. ಬಿಲ್ಲೆಯ ಬರಹವನ್ನು ಓದಿದ ಮುದುಕ ಇಮಾಮರು ಮಂಜೂಷವನ್ನು ಕೆಣಕಬಾರದೆಂಬ ಎಚ್ಚರಿಕೆ ಅದರಲ್ಲಿದೆ ಎನ್ನುತ್ತಾರೆ. ನೋಡಬಾರದೆಂಬ ಮಾತು ಅಲ್ಲಿ ಬರುವುದಿಲ್ಲ. ಬೈಬಲನ್ನು ಓದಿ ಬೆಳೆದವರು ಈ ತೆರಪನ್ನು ತಾವೇ ತುಂಬಿಕೊಳ್ಳಬಲ್ಲರು. ಸಮುವೇಲನ ಮೊದಲನೆಯ ಪುಸ್ತಕದಲ್ಲಿ ಮಂಜೂಷದೊಳಗೆ ಇಣುಕಿದ ಬೇತ್‌ಷೆಮೆಷಿನ ಜನ ಹತರಾದ ಕಥೆಯಿದೆ. ಎರಡನೆಯ ಪುಸ್ತಕದಲ್ಲಿ, ಎತ್ತುಗಳು ಎಡವಿದಾಗ ಮಂಜೂಷವನ್ನು ಆಧರಿಸಲೆಂದು ಕೈಚಾಚಿದ ಉಜ್ಜ ಅಲ್ಲೇ ಮಡಿದ ಕಥೆಯಿದೆ. ಆ ಪರಂಪರೆಯ ಹೊರಗಿನ ಪ್ರೇಕ್ಷಕನಿಗೆ ನಾಯಕನ ಜ್ಞಾನೋದಯ ಆಕಾಶದಿಂದ ಉದುರಿದಂತೆ ತೋರುತ್ತದೆ. ಸಂಯಮ ಹಾಗೆ ಒಮ್ಮೆಲೇ ಒದಗುವ ವಸ್ತುವಲ್ಲ. ವ್ರತವನ್ನು ಸಣ್ಣ ವಿಷಯಗಳಲ್ಲಿ ಪಾಲಿಸಿದವನಿಗೂ ದೊಡ್ಡ ಪರೀಕ್ಷೆಯಲ್ಲಿ ಅದು ಕೈಗೂಡುವುದು ಕಷ್ಟ. ಲಾರಿಯ ಬೆನ್ನಟ್ಟುವಿಕೆಗೆ ಹಲವು ನಿಮಿಷಗಳನ್ನು ಕೊಟ್ಟ ಚಿತ್ರ, ತನ್ನ ನಾಯಕನ ಮನಃಪರಿವರ್ತನೆಗೆ ಒಂದು ಮೌನವನ್ನಾದರೂ ಕೊಡಬಹುದಿತ್ತು.

ಇದಕ್ಕಿಂತಲೂ ಚಿಂತಿಸಬೇಕಾದ ಇನ್ನೊಂದು ಮಾತಿದೆ. ನಾಯಕ ಕಣ್ಣು ಮುಚ್ಚುತ್ತಾನೆ, ಕ್ಯಾಮೆರಾ ಮುಚ್ಚುವುದಿಲ್ಲ. ಟೋಟ್‌ನ ಮುಖ ಮೇಣದಂತೆ ಕರಗಿ ಹರಿಯುವುದನ್ನು, ಸೇನಾಧಿಕಾರಿಯ ಮುಖ ಬತ್ತಿ ಸುಕ್ಕಾಗುವುದನ್ನು, ಬೆಲ್ಲೋಕ್‌ನ ತಲೆ ಸಿಡಿಯುವುದನ್ನು ಅದು ಹತ್ತಿರದಿಂದ, ಸಾವಧಾನವಾಗಿ ತೋರಿಸುತ್ತದೆ. ತಲೆ ಸಿಡಿಯುವ ದೃಶ್ಯ ಅತಿಘೋರವೆಂದು ಅಮೆರಿಕದ ಪ್ರಮಾಣೀಕರಣ ಮಂಡಳಿಯವರು ಆಕ್ಷೇಪಿಸಿದಾಗ ಅದರ ಮುಂದೆ ಬೆಂಕಿಯ ಜ್ವಾಲೆಗಳನ್ನು ಸೇರಿಸಿ ಮಸುಕುಗೊಳಿಸಲಾಯಿತು. ಹೀಗಾಗಿ ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದೆಂಬ ಪ್ರಮಾಣಪತ್ರವೇ ಅದಕ್ಕೆ ದೊರೆಯಿತು. 1984ರಲ್ಲಿ ಇದೇ ಸರಣಿಯ ಎರಡನೆಯ ಚಿತ್ರ ‘ಟೆಂಪಲ್ ಆಫ್ ಡೂಮ್’ ಎಬ್ಬಿಸಿದ ಗದ್ದಲವೂ ಸೇರಿ, ಹದಿಮೂರು ವರ್ಷಕ್ಕಿಂತ ಕಿರಿಯರ ವಿಷಯದಲ್ಲಿ ತಾಯ್ತಂದೆಯರನ್ನು ವಿಶೇಷವಾಗಿ ಎಚ್ಚರಿಸುವ ಹೊಸ ವರ್ಗವನ್ನೇ ಅಲ್ಲಿ ಸೃಷ್ಟಿಸಬೇಕಾಯಿತು. ನೋಡಬೇಡ ಎಂಬ ಮಾತು ಮೇರಿಯನ್‌ಗೆ, ನೋಡು ಎಂಬ ಆಹ್ವಾನ ಪ್ರೇಕ್ಷಕನಿಗೆ. ಕಥೆ ಯಾವ ಹಂಬಲವನ್ನು ದಂಡಿಸುತ್ತಿದೆಯೋ ಅದೇ ಹಂಬಲದ ಮೇಲೆ ಚಿತ್ರದ ವ್ಯಾಪಾರ ನಿಂತಿದೆ. ಬೆಲ್ಲೋಕ್‌ನ ಸ್ಥಾನದಲ್ಲಿ ಕೂರಿಸಲ್ಪಟ್ಟವನು ಚೀಟಿ ಕೊಂಡು ಬಂದ ಪ್ರೇಕ್ಷಕ. ಅವನಿಗೆ ಮಾತ್ರ ಬೆಂಕಿ ತಾಗುವುದಿಲ್ಲ.

ದೇವಾಲಯಗಳ ಆಡಳಿತದ ಹೊಣೆ ಹೊತ್ತವರು ಈ ಚಿತ್ರವನ್ನು ನೋಡಿದರೆ ಅವರ ಮನಸ್ಸು ಪೆರುವಿನ ದೃಶ್ಯದಲ್ಲೇ ನಿಂತೀತು. ಗುಡಿಯ ವಿಗ್ರಹವನ್ನೆತ್ತಿಕೊಂಡು ಓಡುವವನನ್ನು ಚಿತ್ರ ನಾಯಕನೆಂದು ಪರಿಚಯಿಸುತ್ತದೆ. ಆ ನೆಲದ ಜನ ಅವನನ್ನು ಬೆನ್ನಟ್ಟಿದರೆ ಅವರು ಕಾಡುಜನರು. ತಂದ ವಸ್ತುಗಳನ್ನು ವಸ್ತುಸಂಗ್ರಹಾಲಯ ಕೊಂಡುಕೊಳ್ಳುತ್ತದೆ, ಹೇಗೆ ಬಂತೆಂದು ಹೆಚ್ಚು ಕೇಳುವುದಿಲ್ಲ. ಚಿತ್ರ ತೆರೆಕಾಣುವ ಹನ್ನೊಂದು ವರ್ಷ ಮೊದಲೇ, 1970ರಲ್ಲಿ, ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಣೆಯ ವಿರುದ್ಧ ಯುನೆಸ್ಕೋ ಒಪ್ಪಂದ ರೂಪುಗೊಂಡಿತ್ತು. ಭಾರತದಲ್ಲಿ 1972ರಲ್ಲಿ ಪುರಾತನ ವಸ್ತುಗಳ ಕಾಯಿದೆ ಬಂದಿತ್ತು. ಇಲ್ಲಿ ಒಂದು ವಿನೋದವೂ ಉಂಟು. ಚಿತ್ರದ ವಿಗ್ರಹಕ್ಕೆ ಮಾದರಿಯಾದದ್ದು ವಾಷಿಂಗ್ಟನ್ನಿನ ಡಂಬಾರ್ಟನ್ ಓಕ್ಸ್ ಸಂಗ್ರಹದಲ್ಲಿರುವ ಒಂದು ಶಿಲ್ಪ. ಅದು ಮೆಕ್ಸಿಕೋದ ಅಜ್ಟೆಕ್ ದೇವತೆಯದೆಂದು ಹೆಸರಾದದ್ದು, ಪೆರುವಿನದಲ್ಲ. ಅದು ನಿಜಕ್ಕೂ ಪ್ರಾಚೀನವೇ ಎಂಬುದರ ಬಗೆಗೂ ವಿದ್ವಾಂಸರಲ್ಲಿ ಸಂದೇಹ ಹುಟ್ಟಿದೆ.

ಹಾಗಾದರೆ ಮಂಜೂಷ ಕೊನೆಗೆ ಯಾರದಾಯಿತು? ನಾಯಕನದಲ್ಲ, ವಸ್ತುಸಂಗ್ರಹಾಲಯದ್ದಲ್ಲ, ಅದನ್ನು ಪೂಜ್ಯವೆಂದು ಭಾವಿಸುವ ಯಹೂದ್ಯರದಂತೂ ಅಲ್ಲವೇ ಅಲ್ಲ. ಅವರ ಮಾತನ್ನು ಕೇಳಬೇಕೆಂದು ಯಾರಿಗೂ ತೋಚುವುದಿಲ್ಲ. ನಿಪುಣರು ಅದನ್ನು ಪರಿಶೀಲಿಸುತ್ತಿದ್ದಾರೆಂದು ಅಧಿಕಾರಿಗಳು ಹೇಳಿ ನಾಯಕನನ್ನು ಸಾಗಹಾಕುತ್ತಾರೆ. ಕಡೆಯ ದೃಶ್ಯದಲ್ಲಿ ಒಬ್ಬ ನೌಕರ ಮರದ ಪೆಟ್ಟಿಗೆಯಲ್ಲಿ ಮೊಳೆಹೊಡೆದ ಮಂಜೂಷವನ್ನು ಕೈಗಾಡಿಯಲ್ಲಿ ತಳ್ಳಿಕೊಂಡು, ಅಂಥದೇ ಸಾವಿರಾರು ಪೆಟ್ಟಿಗೆಗಳು ತುಂಬಿರುವ ಸರಕಾರಿ ಉಗ್ರಾಣದೊಳಕ್ಕೆ ಹೋಗುತ್ತಾನೆ. ಎಲ್ಲರೂ ಬಯಸಿದ ವಸ್ತುವನ್ನು ಯಾರೂ ಬಯಸದ ಕಡೆ ಇಟ್ಟದ್ದು ಈ ಸಂವಿಧಾನದ ಅತ್ಯಂತ ಪ್ರಾಮಾಣಿಕವಾದ ತೀರ್ಮಾನ. 2008ರಲ್ಲಿ ಬಂದ ನಾಲ್ಕನೆಯ ಚಿತ್ರ ಅದೇ ಉಗ್ರಾಣಕ್ಕೆ ಮರಳುತ್ತದೆ. ವಾಹನಗಳ ಬೆನ್ನಟ್ಟುವಿಕೆಯ ನಡುವೆ ಒಂದು ಪೆಟ್ಟಿಗೆ ಒಡೆದು, ಬಿರುಕಿನಿಂದ ಮಂಜೂಷದ ಚಿನ್ನದ ಅಂಚು ಕ್ಷಣಕಾಲ ಹೊಳೆಯುತ್ತದೆ. ಬೇರೆ ಪೆಟ್ಟಿಗೆಯೊಂದರ ಆಸೆಯಿಂದ ಅಲ್ಲಿಗೆ ಬಂದವರು ಮುಂದಕ್ಕೆ ಧಾವಿಸಿಹೋಗುತ್ತಾರೆ.